ವಾರ್ಡ್ ಡ್ಯೂಟಿ ನಡುವೆ ನರ್ಸ್‌ಗಳ ಸಂಶೋಧನೆ: ಆಸ್ಪತ್ರೆಯಿಂದ ಏನೇನು ಕೇಳಿ ಪಡೆಯಬೇಕು?

ಪ್ರಶ್ನೆ (ಸೋಮವಾರಪೇಟೆ): ಐವಿ ಕ್ಯಾನುಲಾ (ಡ್ರಿಪ್ ಕೊಡಲು ನಾಳಕ್ಕೆ ಹಾಕುವ ಸಣ್ಣ ನಳಿಕೆ) ಹಾಕಿದ ಕಡೆ ರಕ್ತನಾಳ ಊದುವ ಫ್ಲೆಬೈಟಿಸ್ ಬಗ್ಗೆ ಅಧ್ಯಯನ ಮಾಡಲು ನಾಲ್ವರು ಸ್ಟಾಫ್ ನರ್ಸ್‌ಗಳು ಹೊರಟಿದ್ದೇವೆ. ಆಡಳಿತದವರು "ಮಾಡಿ" ಅಂದಿದ್ದಾರೆ, ಅಷ್ಟೇ. ಎಲ್ಲಿಂದ ಶುರು ಮಾಡೋದು? ತಿಳಿದವರು ಹೇಳಿ.

ಮಡಿಕೇರಿಯಿಂದ: ಸಿಸ್ಟರ್, ಮೊದಲು ಸಮಯ ಕೇಳಿ, ಅದನ್ನು ರೋಸ್ಟರ್‌ನಲ್ಲೇ ಬರೆಸಿ. ವಾರಕ್ಕೆ ಒಬ್ಬರಿಗೆ ನಾಲ್ಕು ಗಂಟೆಯಾದರೂ ಬೇಕು. ಆ ಹೊತ್ತಿಗೆ ವಾರ್ಡಿಗೆ ಬದಲಿ ಯಾರು ಅನ್ನೋದೂ ಅಲ್ಲೇ ಇರಲಿ. ಬಾಯಿಮಾತಿನ ಒಪ್ಪಿಗೆ ಮಳೆಗಾಲದ ಜ್ವರದ ರಶ್ ಶುರುವಾದ ಕೂಡಲೇ ಮರೆತುಹೋಗುತ್ತೆ. ನೈಟ್ ಆಫ್‌ನಲ್ಲಿ ಮಾಡ್ಕೊಳ್ಳಿ ಅನ್ನುವ ಕಡೆ ಯಾವ ಅಧ್ಯಯನವೂ ಮುಗಿಯಲ್ಲ. ಜೊತೆಗೆ ಬೀಗ ಹಾಕುವ ಒಂದು ಕಪಾಟು, ಪಾಸ್‌ವರ್ಡ್ ಇರುವ ಕಂಪ್ಯೂಟರ್, ಫಾರಂ ಭರ್ತಿಗೆ ಮುಂಚೆಯೇ ಲೆಕ್ಕ ನೋಡಿಕೊಡುವ ಸ್ಟಾಟಿಸ್ಟಿಷಿಯನ್. ಎಲ್ಲ ಮುಗಿಸಿ ಅವರ ಬಳಿ ಹೋದರೆ ಅವರೂ ಏನೂ ಮಾಡಲಾರರು.

ವಿರಾಜಪೇಟೆಯಿಂದ: ಅಳೆಯಲು ವಿಐಪಿ ಸ್ಕೋರ್ (ಕ್ಯಾನುಲಾ ಜಾಗ ನೋಡಿ ಫ್ಲೆಬೈಟಿಸ್‌ಗೆ ಕೊಡುವ ಅಂಕ) ಸಾಕು, 0ರಿಂದ 5. ಎರಡು ಬಂದರೆ ಫ್ಲೆಬೈಟಿಸ್ ಶುರು, ಕ್ಯಾನುಲಾ ಬದಲಿಸಬೇಕು. ಪ್ರತಿ ಶಿಫ್ಟ್‌ಗೂ ನೋಡಿ. ಕಪ್ಪು ಚರ್ಮದಲ್ಲಿ ಕೆಂಪು ಸರಿಯಾಗಿ ಕಾಣಲ್ಲ. ಬಿಸಿ ಇದೆಯಾ, ಗಟ್ಟಿಯಾಗಿದೆಯಾ ಅಂತ ಮುಟ್ಟಿ ನೋಡಬೇಕು, ನೋವಿದೆಯಾ ಅಂತ ಕೇಳಬೇಕು. ಹಾಗಾಗಿ ಮೊದಲು ನಾಲ್ವರೂ ಅದೇ 20 ಕೈಗಳನ್ನು ಬೇರೆ ಬೇರೆಯಾಗಿ ನೋಡಿ ಸ್ಕೋರ್ ಹೋಲಿಸಿ. ಅಲ್ಲೇ ತಾಳೆಯಾಗದಿದ್ದರೆ ಮುಂದಿನದ್ದೆಲ್ಲ ವ್ಯರ್ಥ.

ಎಷ್ಟು ರೋಗಿಗಳು ಬೇಕು ಅನ್ನೋ ಸ್ಯಾಂಪಲ್ ಲೆಕ್ಕಕ್ಕೆ 4pq/d² ಸೂತ್ರ ಹಾಕಿ: p ಅಂದರೆ ಫ್ಲೆಬೈಟಿಸ್ ಬರಬಹುದಾದವರ ಶೇಕಡಾ, q ಉಳಿದವರದ್ದು, d ಒಪ್ಪಬಹುದಾದ ಹೆಚ್ಚುಕಡಿಮೆ. ಶೇ 30ರಷ್ಟು ಜನರಿಗೆ ಬರಬಹುದು, 5 ಅಂಶ ಹೆಚ್ಚುಕಡಿಮೆ ಇದ್ದರೂ ಸರಿ ಎಂದಾದರೆ 336. ಬಿಟ್ಟುಹೋಗುವವರಿಗಾಗಿ ಶೇ 10 ಸೇರಿಸಿ, 370. ಒಬ್ಬ ರೋಗಿಯ ಮೊದಲ ಕ್ಯಾನುಲಾ ಮಾತ್ರ ಲೆಕ್ಕಕ್ಕೆ. ಒಬ್ಬರದೇ ಮೂರು ಸೇರಿಸಿದರೆ ಅಂಕಿ ತಪ್ಪುತ್ತೆ. ರಾತ್ರಿ ತೆಗೆದದ್ದನ್ನು ಬರೆಯದಿದ್ದರೆ ಖಾಲಿ ಬಿಡಿ, 0 ಹಾಕಬೇಡಿ.

ತೆಗೆದ ಮೇಲೂ 48 ಗಂಟೆಯೊಳಗೆ ಊದಬಹುದು, ಫೋನ್ ಮಾಡಿ ಕೇಳಬೇಕಾಗುತ್ತೆ. ಲೈನ್‌ಮನೆಯವರು (ತೋಟದ ಸಾಲುಮನೆಗಳಲ್ಲಿರುವ ಕೆಲಸಗಾರರು) ಎಷ್ಟೋ ಸಲ ತೋಟದ ರೈಟರ್, ಅಂದರೆ ಗುಮಾಸ್ತರ, ನಂಬರ್ ಕೊಟ್ಟಿರುತ್ತಾರೆ. ರೈಟರ್ ಎತ್ತಿದರೆ ಕಾಯಿಲೆ ವಿಷಯ ತೆಗೀಬೇಡಿ. ಕಾಫಿ ಕೊಯ್ಲು ಮುಗಿದರೆ ಹೊರಗಿನ ಕೆಲಸಗಾರರು ಊರಿಗೆ ಹೋಗ್ತಾರೆ, ಅವರ ಫಾಲೋಅಪ್ ಅಷ್ಟರೊಳಗೇ ಮುಗಿಸಿ.

ಕುಶಾಲನಗರದಿಂದ: ಎಥಿಕ್ಸ್ ಸಮಿತಿಯ (ಸಂಶೋಧನೆಯಲ್ಲಿ ರೋಗಿಗಳ ಹಿತ ನೋಡುವ ಸಮಿತಿ) ಅನುಮತಿ ಪತ್ರ ಕೈಗೆ ಬರುವ ಮುಂಚೆ ಒಂದು ಫಾರಂ ಕೂಡ ತುಂಬಬೇಡಿ, ಹಿಂದಿನ ತಾರೀಕಿಗೆ ಅನುಮತಿ ಸಿಗಲ್ಲ. ನಿಮ್ಮಲ್ಲಿ ಸಮಿತಿ ಇಲ್ಲದಿದ್ದರೆ ಐಸಿಎಂಆರ್‌ನ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2017ರ ಮಾರ್ಗಸೂಚಿ ಪ್ರಕಾರ ಒಪ್ಪಂದ ಮಾಡಿಕೊಂಡು ಬೇರೆ ಸಂಸ್ಥೆಯ ಸಮಿತಿಗೆ ಹೋಗಬಹುದು. ರೋಗಿಯ ಒಪ್ಪಿಗೆ ಪತ್ರ ಕನ್ನಡದಲ್ಲಿ ಮಾತ್ರ ಇದ್ದರೆ ಇಲ್ಲಿ ಸಾಲದು. ಮಲಯಾಳಂ, ಹಿಂದಿ, ಅಸ್ಸಾಮಿ ಬೇಕಾಗಬಹುದು. ಯರವ, ಜೇನುಕುರುಬ ಹಿರಿಯರಿಗೆ ಅವರ ಮಾತಿನಲ್ಲೇ ವಿವರಿಸುವವರು ಬೇಕು. ಓದಲು ಬಾರದವರ ಹೆಬ್ಬೆಟ್ಟಿನ ಜೊತೆ ಅಧ್ಯಯನಕ್ಕೆ ಸೇರದ ಸಾಕ್ಷಿಯ ಸಹಿ ಇರಲಿ. ಮುಂದೆ ಡ್ರೆಸ್ಸಿಂಗ್ ಬದಲಿಸಿ ಹೋಲಿಸುವ ಪ್ರಯೋಗಕ್ಕೆ ಇಳಿದರೆ ಮೊದಲ ರೋಗಿಗೂ ಮುಂಚೆ ಸಿಟಿಆರ್‌ಐನಲ್ಲಿ (ಭಾರತದ ಕ್ಲಿನಿಕಲ್ ಪ್ರಯೋಗಗಳ ನೋಂದಣಿ) ನೋಂದಾಯಿಸಬೇಕು, ಶುಲ್ಕವಿಲ್ಲ. 2018ರ ಏಪ್ರಿಲ್ 1ರಿಂದ ತಡವಾಗಿ ಬಂದದ್ದನ್ನು ಅವರು ತಗೊಳ್ಳಲ್ಲ.

ಗೋಣಿಕೊಪ್ಪದಿಂದ: ಲೇಖಕರ ಹೆಸರುಗಳ ಕ್ರಮವನ್ನು ಮೊದಲ ಮೀಟಿಂಗ್‌ನಲ್ಲೇ ಬರೆದು ಸಹಿ ಹಾಕಿಸಿ. ಫಾರಂ ತುಂಬಿದ ಸಿಸ್ಟರ್ ಹೆಸರು ಕೊನೆಗೆ ಕೃತಜ್ಞತೆಯ ಸಾಲಿಗೆ ಜಾರುವುದು ಇದಿಲ್ಲದಾಗಲೇ.