ಮನೆ ಪಕ್ಕದ ಜಾಗ ಕೈಗಾರಿಕೆಗೆ ಬದಲಾಗಿದೆ, ಅಪೀಲು ಎಲ್ಲಿ ಹಾಕಬೇಕು?

ಎಡದಂಡೆ_ನಿವಾಸಿ:
ರಾಯಚೂರು, ಕೊಪ್ಪಳ, ಬಳ್ಳಾರಿ ಕಡೆಯವರು ಯಾರಾದರೂ ಗೊತ್ತಿದ್ದರೆ ಹೇಳಿ. ನಮ್ಮದು ರಾಯಚೂರು ಜಿಲ್ಲೆಯ ಒಂದು ಊರು. ನಮ್ಮ ಲೇಔಟ್ ಪಕ್ಕದ ಹೊಲ ಮಾಸ್ಟರ್ ಪ್ಲಾನಿನಲ್ಲಿ ವಾಸದ ವಲಯ ಅಂತಿತ್ತು. ಅದನ್ನು ನೋಡಿಯೇ ಸಾಲ ಮಾಡಿ ಸೈಟು ತಗೊಂಡೆವು. ಈಗ ಅಲ್ಲಿ ರೈಸ್ ಮಿಲ್ಲಿಗೆ ಪಾಯ ತೋಡುತ್ತಿದ್ದಾರೆ. ಯೋಜನಾ ಪ್ರಾಧಿಕಾರದ ಕಚೇರಿಗೆ ಹೋಗಿ ಕೇಳಿದರೆ, ಭೂ ಬಳಕೆ ಬದಲಾವಣೆ ಆಗಿಹೋಗಿದೆ, ಪೇಪರಿನಲ್ಲಿ ಪ್ರಕಟಣೆ ಕೊಟ್ಟಿದ್ದೆವು, ಯಾರೂ ಆಕ್ಷೇಪಣೆ ಕೊಡಲಿಲ್ಲ ಅಂತಾರೆ. ನಮ್ಮ ಓಣಿಯಲ್ಲಿ ಆ ಪ್ರಕಟಣೆ ನೋಡಿದವರು ಒಬ್ಬರೂ ಇಲ್ಲ!

ಮಿಲ್ ಬೇಡ ಅನ್ನುತ್ತಿಲ್ಲ. ಇದು ಭತ್ತದ ಸೀಮೆ, ಮಿಲ್ ಇಲ್ಲದಿದ್ದರೆ ರೈತರಿಗೇ ಕಷ್ಟ. ಆದರೆ ಮನೆ ಗೋಡೆಗೆ ಹತ್ತಿ ಬಾಯ್ಲರ್ ಬಂದರೆ ಹೊಟ್ಟಿನ ಬೂದಿ ಅಡುಗೆ ಮನೆಗೇ ಬೀಳುತ್ತದೆ. ಈಗ ನಮಗೆ ಯಾವ ದಾರಿ ಇದೆ? ಈ ಪದ್ಧತಿಯನ್ನೇ ಬದಲಿಸಿ ಅಂತ ಶಾಸಕರಿಗೆ ಮನವಿ ಕೊಡಬೇಕು ಅಂತಲೂ ಇದ್ದೇವೆ. ಅದರಲ್ಲಿ ಏನು ಬರೆಯೋಣ?

ಕರಿಕೋಟು:
ಸರ್, ಇದು 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ 14ಎ ಕಲಂ. ಬದಲಾವಣೆ ಸಾರ್ವಜನಿಕ ಹಿತಕ್ಕಾಗಿ ಇರಬೇಕು, ದಿನಪತ್ರಿಕೆಯಲ್ಲಿ ಪ್ರಕಟಿಸಿ ಆಕ್ಷೇಪಣೆ ಕರೆಯಬೇಕು, ಸರ್ಕಾರದ ಒಪ್ಪಿಗೆ ಮೊದಲೇ ಬೇಕು. ಪಕ್ಕದ ಮನೆಯವರ ಕೈಗೆ ನೋಟಿಸ್ ಕೊಡಿ ಅಂತ ಆ ಕಲಂ ಹೇಳುವುದಿಲ್ಲ. ಮುಖ್ಯ ತೊಂದರೆ ಅದೇ.

ಮೊದಲು ಮಾಹಿತಿ ಹಕ್ಕಿನಲ್ಲಿ ಪೂರ್ತಿ ಕಡತ ಕೇಳಿ, ಹತ್ತು ರೂಪಾಯಿ ಶುಲ್ಕ, 30 ದಿನದೊಳಗೆ ಉತ್ತರ ಕೊಡಬೇಕು. ಯಾವ ಪೇಪರು, ಯಾವ ದಿನ, ಸಾರ್ವಜನಿಕ ಹಿತ ಏನು ಅಂತ ಬರೆದಿದ್ದಾರೆ, ಸಭೆಯ ನಡಾವಳಿ ಎಲ್ಲಿದೆ, ಎಲ್ಲ ಬೇಕು. ಆದರೆ 30 ದಿನ ಸುಮ್ನೆ ಕೂರಬೇಡಿ. ಮಿಲ್ಲಿಗೆ ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿಯೂ ಬೇಕು, ಇನ್ನೂ ಕೊಟ್ಟಿಲ್ಲದಿದ್ದರೆ ಅಲ್ಲಿಗೆ ಇವತ್ತೇ ಲಿಖಿತ ಆಕ್ಷೇಪಣೆ ಕೊಟ್ಟು ಸ್ವೀಕೃತಿ ತಗೊಳ್ಳಿ.

ಇದಾದ ಮೇಲೆ ಜನ ಹೋಗುವುದು ರಿಟ್ ಅರ್ಜಿಗೆ, ಅಂದರೆ ಸರ್ಕಾರದ ಆದೇಶವನ್ನು ನೇರವಾಗಿ ಹೈಕೋರ್ಟಿನಲ್ಲಿ ಪ್ರಶ್ನಿಸುವ ಅರ್ಜಿಗೆ. ರಾಯಚೂರಿನವರಿಗೆ ಹೈಕೋರ್ಟಿನ ಕಲಬುರಗಿ ಪೀಠ, ಬಳ್ಳಾರಿ, ಕೊಪ್ಪಳದವರಿಗೆ ಧಾರವಾಡ. ನಿಮಗೆ ಹಕ್ಕಿದೆಯಾ ಅಂತ ಯಾರಾದರೂ ಕೇಳಿದರೆ ಬೆಂಗಳೂರು ಮೆಡಿಕಲ್ ಟ್ರಸ್ಟ್ ಕೇಸು ತೋರಿಸಿ. ಪಾರ್ಕಿಗೆ ಬಿಟ್ಟ ಜಾಗವನ್ನು ಖಾಸಗಿ ನರ್ಸಿಂಗ್ ಹೋಮಿಗೆ ಕೊಟ್ಟಿದ್ದರು. ಬಡಾವಣೆಯ ನಿವಾಸಿಗಳು ಅದನ್ನು ಪ್ರಶ್ನಿಸಬಹುದು ಅಂತ ಸುಪ್ರೀಂ ಕೋರ್ಟ್ ಒಪ್ಪಿತು, ಜಾಗ ಕೊಟ್ಟಿದ್ದು ತಪ್ಪು ಅಂದಿತು. ಆದರೆ ಸರ್ಕಾರದ ಆದೇಶ 1976ರದ್ದು, ಕೊನೆಯ ತೀರ್ಪು ಬಂದದ್ದು 1991ರಲ್ಲಿ. ಅಷ್ಟು ಕಾಯುವ ಶಕ್ತಿ ಎಷ್ಟು ಜನಕ್ಕಿದೆ?

ಗಂಗಾವತಿ_ಭತ್ತ:
ನಾನು ಮಿಲ್ಲಿನವರ ಕಡೆಯಿಂದಲೂ ಒಂದು ಮಾತು ಹೇಳುತ್ತೇನೆ, ಬೇಜಾರಾಗಬೇಡಿ. ಆಕ್ಷೇಪಣೆ ಕೊಟ್ಟು ಆಮೇಲೆ ದುಡ್ಡು ಕೇಳುವವರೂ ಇದ್ದಾರೆ. ಅಪೀಲು ಸುಲಭ ಮಾಡಿದರೆ ಬ್ಯಾಂಕ್ ಸಾಲ ತಂದವನು ಬಡ್ಡಿ ಕಟ್ಟುತ್ತಾ ಕೂರಬೇಕಾಗುತ್ತದೆ. ಅಪೀಲು ಇರಲಿ, ಆದರೆ ಇಷ್ಟು ದಿನದಲ್ಲಿ ತೀರ್ಮಾನ ಆಗಲೇಬೇಕು ಅಂತ ಗಡುವು ಇರಬೇಕು.

ಕರಿಕೋಟು:
ಒಪ್ಪುತ್ತೇನೆ ಅಣ್ಣಾ. ಐರ್ಲೆಂಡಿನಲ್ಲಿ ಕಟ್ಟಡದ ಅನುಮತಿಗೆ ಅರ್ಜಿ ಬಂದ ಮೊದಲ ಹಂತದಲ್ಲೇ ಲಿಖಿತ ಅಭಿಪ್ರಾಯ ಕೊಟ್ಟ ನೆರೆಯವರು ನಾಲ್ಕು ವಾರದೊಳಗೆ ಅಪೀಲು ಹಾಕಬಹುದು. ನಮ್ಮ ಪಕ್ಕದ ಕೇರಳದಲ್ಲಿ ಪಂಚಾಯಿತಿ, ಮುನಿಸಿಪಾಲಿಟಿ ತೀರ್ಮಾನಗಳ ಮೇಲಿನ ಅಪೀಲಿಗೆ ತಿರುವನಂತಪುರದಲ್ಲಿ ಪ್ರತ್ಯೇಕ ಟ್ರಿಬ್ಯೂನಲ್ ಇದೆ, ಜಿಲ್ಲಾ ನ್ಯಾಯಾಧೀಶರ ದರ್ಜೆಯವರು ಕೇಳುತ್ತಾರೆ. ಇಂಥದ್ದು ನಮ್ಮಲ್ಲೂ ಬರಲಿ, ಆದರೆ ಬೆಂಗಳೂರಿನಲ್ಲಿ ಮಾತ್ರ ಅಲ್ಲ, ಕಲ್ಯಾಣ ಕರ್ನಾಟಕದಲ್ಲೇ ಕೂರಬೇಕು. ಬೇಗ ತೀರ್ಮಾನ ಆದರೆ ಮಿಲ್ಲಿನವರಿಗೂ ಒಳ್ಳೆಯದೇ ಅಲ್ವಾ?

ಬಳ್ಳಾರಿ_ಅಕ್ಕ:
ಮನವಿಯಲ್ಲಿ ಬಾಡಿಗೆ ಮನೆಯವರನ್ನು ಮರೆಯಬೇಡಿ. ಬಳ್ಳಾರಿಯಲ್ಲಿ ಜೀನ್ಸ್ ಕೆಲಸ ಮನೆಗಳ ನಡುವೆಯೇ ನಡೆಯುತ್ತದೆ. ವಾಶಿಂಗ್ ಘಟಕದ ನೀಲಿ ನೀರು ಯಾರ ಚರಂಡಿಗೆ ಬರುತ್ತದೋ ಅವರಲ್ಲಿ ಎಷ್ಟೋ ಜನಕ್ಕೆ ತಮ್ಮ ಹೆಸರಿನಲ್ಲಿ ಮನೆಯ ಖಾತೆ ಇಲ್ಲ. ಅದೇ ಓಣಿಯ ಹೆಂಗಸರು ಮನೆಯಲ್ಲೇ ಮಿಶಿನ್ ಇಟ್ಟು ಪೀಸಿಗಿಷ್ಟು ಅಂತ ಹೊಲಿದು ಸಂಸಾರ ನಡೆಸುತ್ತಾರೆ. ನಾಳೆ ಇದು ವಾಸದ ವಲಯ, ಮಿಶಿನ್ ತೆಗೀರಿ ಅಂದರೆ ಅವರೂ ಅಪೀಲು ಹಾಕುವಂತಿರಬೇಕು. ಸೈಟಿನ ಮಾಲೀಕರಿಗೆ ಮಾತ್ರ ಹಕ್ಕು ಅಂತ ಬರೆದರೆ ನಾನಂತೂ ಸಹಿ ಹಾಕುವುದಿಲ್ಲ.

ಮತ್ತೆ ನೋಟಿಸು ಆ ಜಾಗದಲ್ಲೇ ದೊಡ್ಡ ಬೋರ್ಡ್ ಹಾಕಿ ತೋರಿಸಬೇಕು, ಕನ್ನಡದಲ್ಲಿ. ಬರೀ ಸರ್ವೆ ನಂಬರ್ ಬರೆದರೆ ಯಾರಿಗೆ ತಿಳಿಯುತ್ತದೆ? ಇಂಥವರ ಮನೆ ಹಿಂದಿನ ಹೊಲ, ಇಲ್ಲಿ ರೈಸ್ ಮಿಲ್ ಬರುತ್ತದೆ ಅಂತ ಬರೆಯಲಿ.

ಎಡದಂಡೆ_ನಿವಾಸಿ:
ಅಕ್ಕಾ, ಬಾಡಿಗೆಯವರ ಮಾತು ನಮಗೆ ಹೊಳೆದೇ ಇರಲಿಲ್ಲ, ಖಂಡಿತ ಸೇರಿಸುತ್ತೇವೆ. ಜಾಗದಲ್ಲಿ ಬೋರ್ಡ್, ಆಕ್ಷೇಪಣೆಗೆ ಕಾರಣ ಕೊಟ್ಟು ಲಿಖಿತ ಉತ್ತರ, ಹತ್ತಿರದಲ್ಲೇ ಟ್ರಿಬ್ಯೂನಲ್, ತೀರ್ಮಾನಕ್ಕೆ ಗಡುವು. ಅಪೀಲು ಮುಗಿಯುವ ತನಕ ಕಟ್ಟಡ ನಿಲ್ಲಬೇಕು ಅಂತಲೂ ಹಾಕುತ್ತೇವೆ, ಇಲ್ಲದಿದ್ದರೆ ಗೆದ್ದರೂ ಎದುರಿಗೆ ಚಿಮಣಿ ನಿಂತಿರುತ್ತದೆ. ಮಾಹಿತಿ ಹಕ್ಕಿನ ಅರ್ಜಿ ಇವತ್ತೇ ಬರೆಯುತ್ತಿದ್ದೇನೆ. ಮಂಡಳಿಗೆ ಕೊಡುವ ಆಕ್ಷೇಪಣೆಗೆ ಓಣಿಯ ಎಲ್ಲರೂ ಒಂದೇ ಪತ್ರದಲ್ಲಿ ಸಹಿ ಹಾಕಬೇಕಾ, ಬೇರೆ ಬೇರೆ ಕೊಡಬೇಕಾ ಸರ್?

ಕರಿಕೋಟು:
ಬೇರೆ ಬೇರೆ ಕೊಡಿ. ಒಬ್ಬರು ಒತ್ತಡಕ್ಕೆ ಹಿಂದೆ ಸರಿದರೂ ಉಳಿದವರ ಆಕ್ಷೇಪಣೆ ಕಡತದಲ್ಲಿ ಇರುತ್ತದೆ.