ಪುನರ್ವಿಮರ್ಶೆ: ಯಾವುದರ ವಿಮರ್ಶೆ?

"ಸುಪ್ರೀಂ ಕೋರ್ಟ್ ಪುನರ್ವಿಮರ್ಶೆಗೆ ಒಪ್ಪಲಿಲ್ಲ." ಈ ವಾಕ್ಯ ಓದಿದರೆ ನಿಮಗೆ ಏನು ಅರ್ಥವಾಗುತ್ತದೆ? ಸಂಸತ್ತು ಮಾಡಿದ ಕಾಯ್ದೆಯನ್ನು ನೋಡಲು ಒಪ್ಪಲಿಲ್ಲವೋ, ತಾನೇ ಕೊಟ್ಟ ತೀರ್ಪನ್ನು ಮತ್ತೆ ನೋಡಲು ಒಪ್ಪಲಿಲ್ಲವೋ?

ಕಲಬುರಗಿಯಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗರಿಗೆ ಸಂವಿಧಾನ ಹೇಳಿಕೊಡುತ್ತೇನೆ. ಅವರ ನೋಟ್ಸಿನಲ್ಲಿ ಜುಡಿಶಿಯಲ್ ರಿವ್ಯೂ ಅಂದರೆ ನ್ಯಾಯಾಂಗ ಪುನರ್ವಿಮರ್ಶೆ, ರಿವ್ಯೂ ಪಿಟಿಷನ್ ಅಂದರೆ ಪುನರ್ವಿಮರ್ಶಾ ಅರ್ಜಿ. ಎರಡೂ ಒಂದೇ ಅಂದುಕೊಂಡು ಉತ್ತರ ಬರೆಯುತ್ತಾರೆ. ತಪ್ಪು ಅವರದ್ದಲ್ಲ ಬಿಡಿ.

ರಿವ್ಯೂ ಪಿಟಿಷನ್ ಅಂದರೆ ಕೋರ್ಟು ತಾನೇ ಕೊಟ್ಟ ತೀರ್ಪನ್ನು ಮತ್ತೆ ನೋಡಲಿ ಎಂದು ಕೇಳುವ ಅರ್ಜಿ. ಸಂವಿಧಾನದ 137ನೇ ವಿಧಿಗೆ ಸೇರಿದ್ದು. ತೀರ್ಪು ಬಂದ 30 ದಿನದೊಳಗೆ ಹಾಕಬೇಕು. ಆದಷ್ಟು ಮಟ್ಟಿಗೆ ತೀರ್ಪು ಕೊಟ್ಟ ನ್ಯಾಯಮೂರ್ತಿಗಳೇ ನೋಡುತ್ತಾರೆ, ಸಾಮಾನ್ಯವಾಗಿ ವಕೀಲರ ವಾದವಿಲ್ಲದೆ, ಚೇಂಬರಿನಲ್ಲೇ. ಇಲ್ಲಿ "ಪುನರ್" ಸರಿ.

ಜುಡಿಶಿಯಲ್ ರಿವ್ಯೂಗೆ ಮಾತ್ರ ಆ "ಪುನರ್" ಒಗ್ಗುವುದಿಲ್ಲ. ಕಾಯ್ದೆಯನ್ನು ಕೋರ್ಟು ನೋಡುತ್ತಿರುವುದೇ ಮೊದಲ ಸಲ. ಸಂವಿಧಾನಕ್ಕೆ ಹೊಂದುತ್ತದೋ ಇಲ್ಲವೋ ಎಂದು ಒರೆಗೆ ಹಚ್ಚುವ ಕೆಲಸ ಅದು. ಕಾಸರಗೋಡು ಸೀಮೆಯ ಎಡನೀರು ಮಠದ ಕೇಶವಾನಂದ ಭಾರತಿ ಸ್ವಾಮಿಗಳ ಪ್ರಕರಣದಲ್ಲಿ, 1973ರಲ್ಲಿ, 13 ನ್ಯಾಯಮೂರ್ತಿಗಳು ಕೂತಿದ್ದರು. ತಿದ್ದುಪಡಿ ಮಾಡಿದರೂ ಸಂವಿಧಾನದ ಮೂಲ ರಚನೆಗೆ ಕೈ ಹಾಕುವಂತಿಲ್ಲ ಎಂದು 7–6ರಲ್ಲಿ ತೀರ್ಮಾನವಾಯಿತು. ಆ ಒರೆಯಲ್ಲೇ 2015ರಲ್ಲಿ ನ್ಯಾಯಮೂರ್ತಿಗಳ ನೇಮಕಾತಿಗೆ ಆಯೋಗವನ್ನು ತಂದಿದ್ದ ಸಂವಿಧಾನದ 99ನೇ ತಿದ್ದುಪಡಿ ರದ್ದಾಯಿತು. ಇಷ್ಟು ದೊಡ್ಡ ಅಧಿಕಾರಕ್ಕೆ ಸುಮ್ನೆ "ಮತ್ತೆ ವಿಮರ್ಶೆ" ಅಂದರೆ ಸಪ್ಪೆ, ಅಲ್ವಾ?

ನಮ್ಮ ಕಡೆ ನಿಜಾಮರ ಕಾಲದಲ್ಲಿ ಕೋರ್ಟಿನ ಭಾಷೆ ಉರ್ದು. ಉರ್ದುವಿನಲ್ಲಿ ರಿವ್ಯೂ ಅರ್ಜಿಗೆ "ನಜರ್‌ಸಾನಿ", ಅಂದರೆ ಎರಡನೇ ನೋಟ. ಅಪೀಲಿಗೆ "ಮುರಾಫಾ", ಅದು ಬೇರೆ. ಎಷ್ಟು ಚೊಕ್ಕ ನೋಡಿ! ದಾವಾ, ಫೈಸಲಾ ಜನರ ಬಾಯಲ್ಲಿ ಉಳಿದವು. ನಜರ್‌ಸಾನಿಯನ್ನು ಈಗಿನ ಹುಡುಗರು ಕೇಳಿಯೇ ಇಲ್ಲ.

ರಿವ್ಯೂ ಪಿಟಿಷನ್ನಿಗೆ "ಮರುಪರಿಶೀಲನಾ ಅರ್ಜಿ" ಅಂತ ಹೇಳಿಕೊಡಲು ಶುರು ಮಾಡಿದ್ದೇನೆ. ಪತ್ರಿಕೆಗಳಲ್ಲೂ ಕಾಣುವ ಪದ, ತೊಂದರೆ ಇಲ್ಲ. ಜುಡಿಶಿಯಲ್ ರಿವ್ಯೂಗೆ ಏನು? "ಸಿಂಧುತ್ವ ಪರಿಶೀಲನೆ" ಹತ್ತಿರ ಬರುತ್ತದೆ, ಆದರೆ ಸ್ವಲ್ಪ ಜಾಸ್ತಿ ಭಾರ. "ಸಂವಿಧಾನದ ಒರೆ" ಹಗುರವಾಗಿದೆ, ಪರೀಕ್ಷೆಯಲ್ಲಿ ಬರೆದರೆ ಮೌಲ್ಯಮಾಪಕರು ಅಂಕ ಕೊಡ್ತಾರಾ ಅನ್ನುವುದೇ ಅನುಮಾನ. ಕಾಯ್ದೆ ಅಷ್ಟೇ ಅಲ್ಲ, ಸರ್ಕಾರದ ಆದೇಶವನ್ನೂ ಹೀಗೆ ಪರೀಕ್ಷಿಸುತ್ತಾರೆ. 226ನೇ ವಿಧಿಯಡಿ ಹೈಕೋರ್ಟಿಗೂ ಈ ಅಧಿಕಾರ ಇದೆ. ಪದ ಇಷ್ಟಕ್ಕೂ ಒಪ್ಪಬೇಕು.

ನಿಮ್ಮ ಕಡೆ ವಕೀಲರು ಏನಂತಾರೆ? ಬೀದರ, ಯಾದಗಿರಿಯ ಹಿರಿಯ ವಕೀಲರಲ್ಲಿ ನಜರ್‌ಸಾನಿ ಇನ್ನೂ ಇದೆಯಾ?