ಭಯಾನಕ ಚಿತ್ರಗಳು ಹಿಂದಿನ ಚಿತ್ರಗಳಿಂದ ಪಡೆಯುವುದು: ಗೌರವವೋ, ನಕಲೋ?

ಪ್ರಶ್ನೆ

ಜಾನ್ ಕಾರ್ಪೆಂಟರ್ ಅವರ ‘ಹ್ಯಾಲೋವೀನ್’ (1978) ಚಿತ್ರದ ವೈದ್ಯನ ಹೆಸರು ಸ್ಯಾಮ್ ಲೂಮಿಸ್. ಹಿಚ್‌ಕಾಕ್ ಅವರ ‘ಸೈಕೋ’ (1960) ಚಿತ್ರದಲ್ಲಿ ಕೊಲೆಯಾಗುವ ಹೆಣ್ಣಿನ ಪ್ರಿಯಕರನಿಗೂ ಇದೇ ಹೆಸರು. ಸಾಲದೆಂಬಂತೆ, ‘ಹ್ಯಾಲೋವೀನ್’ನ ನಾಯಕಿ ಜೇಮಿ ಲೀ ಕರ್ಟಿಸ್ ಅವರು, ಕೊಲೆಯಾಗುವ ಆ ಹೆಣ್ಣಿನ ಪಾತ್ರ ಮಾಡಿದ್ದ ಜಾನೆಟ್ ಲೀ ಅವರ ಮಗಳು. ಇದನ್ನು ನಾವು ಗೌರವ ಸಲ್ಲಿಕೆ ಎನ್ನುತ್ತೇವೆ. ಆದರೆ ‘ಫ್ರೈಡೇ ದ ಥರ್ಟೀನ್ತ್’ (1980) ಚಿತ್ರವು ‘ಹ್ಯಾಲೋವೀನ್’ನ ಗಳಿಕೆಯನ್ನು ಕಂಡೇ ಹುಟ್ಟಿತೆಂದು ಅದರ ಚಿತ್ರಕಥೆಗಾರ ವಿಕ್ಟರ್ ಮಿಲ್ಲರ್ ಒಪ್ಪಿಕೊಂಡಿದ್ದಾರೆ, ಅದನ್ನು ನಕಲು ಎನ್ನುತ್ತೇವೆ. ಎರಡೂ ಹಿಂದಿನವರಿಂದ ಪಡೆದೇ ನಿಂತಿರುವಾಗ, ಅವನ್ನು ಬೇರ್ಪಡಿಸುವ ಅಳತೆಗೋಲು ಯಾವುದು?

ಮೊದಲ ಉತ್ತರ

ಮೂಲವನ್ನು ಹೇಳಿಕೊಂಡರೆ ಗೌರವ, ಮುಚ್ಚಿಟ್ಟರೆ ಕಳವು ಎಂಬ ಸುಲಭದ ಅಳತೆ ಇಲ್ಲಿ ಒಗ್ಗುವುದಿಲ್ಲ. ಮುರ್ನೌ ಅವರ ‘ನೊಸ್ಫೆರಾಟು’ (1922) ಬ್ರಾಮ್ ಸ್ಟೋಕರ್ ಅವರ ‘ಡ್ರಾಕುಲಾ’ ಕಾದಂಬರಿಯನ್ನು ಅನುಮತಿಯಿಲ್ಲದೆ, ಪಾತ್ರಗಳ ಹೆಸರು ಬದಲಿಸಿ ಬಳಸಿಕೊಂಡಿತು. ಲೇಖಕರ ಪತ್ನಿ ಹೂಡಿದ ದಾವೆಯಲ್ಲಿ ಪ್ರತಿಗಳನ್ನೆಲ್ಲ ನಾಶಪಡಿಸಬೇಕೆಂದು ನ್ಯಾಯಾಲಯ ಆದೇಶಿಸಿತು. ಆದರೂ ಅದರ ಪ್ರತಿಗಳು ಉಳಿದುಕೊಂಡವು. ಕಾದಂಬರಿಯ ಡ್ರಾಕುಲಾ ಹಗಲಿನಲ್ಲೂ ಓಡಾಡಬಲ್ಲವನು. ಬಿಸಿಲು ತಾಕಿ ರಕ್ತಪಿಶಾಚಿ ಸಾಯುವುದು ಈ ಚಿತ್ರದ ಕಲ್ಪನೆ. ಮುಂದೆ ಬಂದ ಎಷ್ಟೋ ಚಿತ್ರಗಳು ಅದನ್ನೇ ಪುರಾತನ ನಂಬಿಕೆಯೆಂಬಂತೆ ಬಳಸಿದವು. ಕಾನೂನಿನ ಕಣ್ಣಿಗೆ ಅಪರಾಧಿಯಾದ ಚಿತ್ರವೇ ಹೀಗೆ ಮೂಲದ ಸ್ಥಾನಕ್ಕೇರಿತು.

ಎರಡನೆಯ ಉತ್ತರ

ನನ್ನ ಅಳತೆ ಬೇರೆ: ಪಡೆದದ್ದು ಭಯಕ್ಕೆ ಏನು ಮಾಡುತ್ತದೆ? ಗುರುತು ಹಿಡಿದ ಪ್ರೇಕ್ಷಕನಿಗೆ ಒಂದು ಬಗೆಯ ನೆಮ್ಮದಿ ಸಿಗುತ್ತದೆ, ಮತ್ತು ನೆಮ್ಮದಿ ಭಯಕ್ಕೆ ಶತ್ರು. ‘ದಿ ಈವಿಲ್ ಡೆಡ್’ (1981) ಚಿತ್ರದಲ್ಲಿ ಸ್ಯಾಮ್ ರೈಮಿ ಅವರು ವೆಸ್ ಕ್ರೇವನ್ ಅವರ ಚಿತ್ರವೊಂದರ ಹರಿದ ಪೋಸ್ಟರನ್ನು ತೋರಿಸಿದರು. ಕ್ರೇವನ್ ಅವರು ‘ಎ ನೈಟ್‌ಮೇರ್ ಆನ್ ಎಲ್ಮ್ ಸ್ಟ್ರೀಟ್’ (1984) ಚಿತ್ರದ ಟಿವಿಯಲ್ಲಿ ‘ದಿ ಈವಿಲ್ ಡೆಡ್’ ಓಡಿಸಿದರು. ರೈಮಿ ಅವರು ಮತ್ತೆ 1987ರ ಎರಡನೆಯ ಭಾಗದಲ್ಲಿ, ಕ್ರೇವನ್ ಅವರ ಆ ಚಿತ್ರದ ಕೊಲೆಗಾರ ಫ್ರೆಡ್ಡಿಯ ಅಲಗಿನ ಕೈಗವಸನ್ನು ನೇತುಹಾಕಿದರು. ಇದು ಚೇಷ್ಟೆಯಾಗಿ ಚೆನ್ನ, ಭಯಕ್ಕೆ ಇದರಿಂದ ಆಗುವುದೇನೂ ಇಲ್ಲ.

ಅದೇ ಕ್ರೇವನ್ ಅವರ ‘ಸ್ಕ್ರೀಮ್’ (1996) ಚಿತ್ರದ ಆರಂಭವನ್ನು ಗಮನಿಸಿ (ನೋಡದವರು ಈ ಭಾಗವನ್ನು ಬಿಟ್ಟುಬಿಡಬಹುದು). ಕೊಲೆಗಾರ ದೂರವಾಣಿಯಲ್ಲಿ ಹುಡುಗಿಗೆ, ‘ಫ್ರೈಡೇ ದ ಥರ್ಟೀನ್ತ್’ನಲ್ಲಿ ಕೊಲ್ಲುವವರು ಯಾರೆಂದು ಕೇಳುತ್ತಾನೆ. ಅವಳು, ಮುಂದಿನ ಭಾಗಗಳ ಕೊಲೆಗಾರನಾದ ಜೇಸನ್‌ನ ಹೆಸರು ಹೇಳುತ್ತಾಳೆ. ಆದರೆ ಮೊದಲ ಚಿತ್ರದಲ್ಲಿ ಕೊಲ್ಲುವವಳು ಅವನ ತಾಯಿ. ತಪ್ಪು ಉತ್ತರಕ್ಕೆ ಅವಳ ಗೆಳೆಯ ಜೀವ ತೆರುತ್ತಾನೆ. ಮನಸ್ಸಿನಲ್ಲಿ ಜೇಸನ್ ಎಂದ ಪ್ರೇಕ್ಷಕನೂ ಅವಳ ಜೊತೆಗೇ ಸಿಕ್ಕಿಬೀಳುತ್ತಾನೆ. ಕೊನೆಗೆ ಹುಡುಗಿಯೂ ಉಳಿಯುವುದಿಲ್ಲ: ‘ಸೈಕೋ’ದಲ್ಲಿ ಜಾನೆಟ್ ಲೀ ಅವರ ಪಾತ್ರ ನಡುದಾರಿಯಲ್ಲೇ ಸತ್ತಂತೆ, ಇಲ್ಲಿ ಡ್ರೂ ಬ್ಯಾರಿಮೋರ್ ಅವರಂಥ ಹೆಸರಾಂತ ನಟಿ ಮೊದಲ ಕಾಲುಗಂಟೆ ದಾಟುವುದಿಲ್ಲ. ಹಳೆಯ ಚಿತ್ರಗಳ ಪರಿಚಯವೇ ಇಲ್ಲಿ ಬಲೆಯಾಗುತ್ತದೆ.

ಮೂರನೆಯ ಉತ್ತರ

ಹಿಂದಿನ ಉತ್ತರವನ್ನು ಬಹುಪಾಲು ಒಪ್ಪುತ್ತೇನೆ. ಆದರೆ ಗುರುತು ಸಿಗಲೆಂಬ ಉದ್ದೇಶವೇ ಇಲ್ಲದ ಎರವಲೂ ಇದೆ. ಕೊಲೆಗಾರನ ಕಣ್ಣಾಗಿ ಮನೆಯೊಳಗೆ ನುಸುಳುವ ಕ್ಯಾಮೆರಾ ‘ಹ್ಯಾಲೋವೀನ್’ಗಿಂತ ಮೊದಲೇ ‘ಬ್ಲ್ಯಾಕ್ ಕ್ರಿಸ್ಮಸ್’ (1974) ಚಿತ್ರದಲ್ಲಿತ್ತು. ಇಂಥದ್ದಕ್ಕೆ ಋಣಪತ್ರ ಬರೆದುಕೊಡಬೇಕೆಂದು ನನಗನ್ನಿಸುವುದಿಲ್ಲ. ಇನ್ನೊಂದು ತುದಿಯಲ್ಲಿ, ಗಸ್ ವ್ಯಾನ್ ಸ್ಯಾಂಟ್ ಅವರು 1998ರಲ್ಲಿ ‘ಸೈಕೋ’ವನ್ನು ಹೆಚ್ಚುಕಡಿಮೆ ಶಾಟ್‌ಗೆ ಶಾಟ್ ಮರುಚಿತ್ರೀಕರಿಸಿದರು, ಅಷ್ಟು ನಿಷ್ಠೆಯಿದ್ದೂ ಅದು ಹೆದರಿಸಲಿಲ್ಲ.

ಪ್ರಶ್ನೆಯಲ್ಲಿ ನಕಲೆಂದು ಕರೆದ ಚಿತ್ರವನ್ನು ಮಾತ್ರ ನಾನು ಅಷ್ಟು ಬೇಗ ತಳ್ಳಿಹಾಕಲಾರೆ. ಅದರ ಹೊರಮೈ ‘ಹ್ಯಾಲೋವೀನ್’ನದ್ದಾದರೂ ಒಳಗಿನ ತಿರುವು ‘ಸೈಕೋ’ದ್ದು, ಅದೂ ತಲೆಕೆಳಗಾಗಿ: ಅಲ್ಲಿ ಮಗ ಸತ್ತ ತಾಯಿಯ ದನಿಯಲ್ಲಿ ಮಾತನಾಡುತ್ತ ಕೊಲ್ಲುತ್ತಾನೆ, ಇಲ್ಲಿ ತಾಯಿ, ಸತ್ತನೆಂದುಕೊಂಡ ಮಗನ ದನಿಯಲ್ಲಿ ತನಗೆ ತಾನೇ ಅಪ್ಪಣೆ ಕೊಟ್ಟುಕೊಂಡು ಕೊಲ್ಲುತ್ತಾಳೆ.